ಭಾನುವಾರದ ಐದು ಸುತ್ತು

ದುರಾಜ್ನೊ, ಉರುಗ್ವೆ
2 ಮೇ 1993

ಲೀಬೆರ್ ಒಲಾಸಾ ಅವರಿಗೆ,

ನಾನು ಎಲಿಡಾ, ನಿಮ್ಮ ಅಣ್ಣ ಅನಿಬಾಲನ ಹೆಂಡತಿ. ನೀವು ನನ್ನನ್ನು ನೋಡಿದ್ದು ಎರಡೇ ಸಲ, ಅದೂ ನಮ್ಮ ಮದುವೆಗೆ ಮೊದಲು. ನೆನಪಿರಲಿಕ್ಕಿಲ್ಲ. ನಿಮ್ಮ ಆಸ್ಟ್ರೇಲಿಯಾದ ವಿಳಾಸ ಅನಿಬಾಲನ ಕೋಟಿನ ಒಳಜೇಬಿನಲ್ಲಿ ಸಿಕ್ಕಿತು. ಯಾರು ಬರೆದುಕೊಟ್ಟಿದ್ದರೋ ಗೊತ್ತಿಲ್ಲ, ಅವನ ಅಕ್ಷರ ಅಲ್ಲ.

ಅನಿಬಾಲ್ ಮಾರ್ಚ್ ಒಂಬತ್ತರಂದು ತೀರಿಕೊಂಡ. ಹೃದಯ. ಬೇಗ ಮುಗಿಯಿತು, ನರಳಲಿಲ್ಲ ಎಂದು ಡಾಕ್ಟರು ಹೇಳಿದರು. ಆಗಲೇ ತಿಳಿಸಬೇಕಿತ್ತು, ಕೈ ಬರಲಿಲ್ಲ.

ಈಗ ಬರೆಯುತ್ತಿರುವುದು ಪಿಕಪ್ ಗಾಡಿಯ ವಿಷಯಕ್ಕೆ. ನಿಮ್ಮ ತಂದೆ ಮನೆಮನೆಗೆ ಸೋಡಾ ಹಂಚುತ್ತಿದ್ದ ಮೂವತ್ತೆಂಟರ ಷೆವ್ರೊಲೆ. ನೀವಿಬ್ಬರೂ ಸೇರಿ ಬಿಚ್ಚಿದ್ದಿರಂತೆ. ನಾನು ಮದುವೆಯಾಗಿ ಬಂದಾಗ ಗರಾಜಿನಲ್ಲಿ ಹೇಗೆ ನಿಂತಿತ್ತೋ ಇವತ್ತೂ ಹಾಗೇ ನಿಂತಿದೆ. ಈ ಊರು ನಿಮಗೆ ಗೊತ್ತು. ಬಿಡಿಭಾಗ ಸಿಗಲಿಲ್ಲ ಎಂದು ಇಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ. ಔಷಧಿ ಅಂಗಡಿಯವನ ಕಾರಿನ ಬಾಗಿಲಿಗೆ ಫ್ರಿಜ್ಜಿನ ಹಿಡಿ ಇದೆ, ಪಾದ್ರಿಗಳ ಕಾರಿಗೆ ಟ್ರ್ಯಾಕ್ಟರಿನ ರೇಡಿಯೇಟರ್. ಎಲ್ಲವೂ ತಂತಿ ಬಿಗಿಸಿಕೊಂಡು ಓಡುತ್ತವೆ. ನಿಂತಿದ್ದು ನಮ್ಮದೊಂದೇ. "ಬರೋ ಚಳಿಗಾಲ ಸ್ಟಾರ್ಟ್ ಮಾಡ್ತೀನಿ ಕಣೇ" ಅಂತ ಅವನು. "ನಿನ್ನ ಹೆಣ ಎತ್ತೋವಾಗ್ಲೂ ಅದು ಹೊರಡಲ್ಲ ಬಿಡು" ಅಂತ ನಾನು. ಹದಿನೆಂಟು ವರ್ಷ ಇದೇ ಮಾತು.

ಮುಂದಿನ ಮಾರ್ಚ್ ಒಂಬತ್ತಕ್ಕೆ ಚರ್ಚಿನಲ್ಲಿ ಅವನ ವರ್ಷದ ಪೂಜೆ. ಅಂದು ಈ ಗಾಡಿ ತನ್ನ ಎಂಜಿನಿನಿಂದಲೇ ಹೊರಟು ಚರ್ಚಿನ ಮುಂದೆ ನಿಲ್ಲಬೇಕು. ಹೊರಡಲ್ಲ ಅಂದವಳು ನಾನು, ಹೊರಡಿಸಬೇಕಾದವಳೂ ನಾನೇ. ಓಡಿಸಲು ಬರುತ್ತದೆ, ಆಸ್ಪತ್ರೆಯ ಲಾಂಡ್ರಿ ವ್ಯಾನು ಹನ್ನೊಂದು ವರ್ಷ ಓಡಿಸಿದ್ದೇನೆ. ರಿಪೇರಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಬೇಕು, ಅಷ್ಟು ತಿಳಿಸಿದರೆ ಸಾಕು.

ಎಲಿಡಾ

*

ವೊಲಾಂಗಾಂಗ್, ಆಸ್ಟ್ರೇಲಿಯಾ
27 ಮೇ 1993

ಎಲಿಡಾ ಅವರೇ,

ಪತ್ರ ತಲುಪಿತು. ಅಣ್ಣನ ವಿಷಯ ತಿಳಿದು ಬೇಸರವಾಯಿತು.

ಗಾಡಿ ಇಷ್ಟು ವರ್ಷವೂ ಓಡುತ್ತಿದೆ ಎಂದುಕೊಂಡಿದ್ದೆ. ನಿಂತೇ ಇತ್ತು ಎಂದು ಬರೆದಿದ್ದೀರಿ. ಯಾಕೋ ತಿಳಿಯಲಿಲ್ಲ.

ಇಪ್ಪತ್ತು ವರ್ಷ ನಿಂತ ಎಂಜಿನ್ ಖಂಡಿತ ಕಚ್ಚಿಕೊಂಡಿರುತ್ತದೆ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ನೋಡಿ, ತಿರುಗದಿದ್ದರೆ ಬಲ ಹಾಕಬೇಡಿ. ಆರೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಸೀಮೆಎಣ್ಣೆ ಮತ್ತು ಎಂಜಿನ್ ಎಣ್ಣೆ ಬೆರೆಸಿ ಹಾಕಿ, ಹತ್ತು ದಿನ ಬಿಡಿ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಒಳಗೆ ಒಂದು ಹಿಡಿ ಸಣ್ಣ ಜಲ್ಲಿ ಮತ್ತು ಒಂದು ಮೊಳ ಸರಪಳಿ ಹಾಕಿ ಅಲ್ಲಾಡಿಸಿದರೆ ತುಕ್ಕು ಉದುರುತ್ತದೆ. ಬ್ರೇಕ್ ಎಲ್ಲಾ ಹೊಸದು ಮಾಡಿಸಿ, ಅದರಲ್ಲಿ ಜುಗ್ಗತನ ಬೇಡ. ಕಾರ್ಬ್ಯುರೇಟರ್ ಕೊನೆಗೆ ಇರಲಿ.

ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ರಟ್ಟಿಗೆ ಚುಚ್ಚಿಡಿ.

ಲೀಬೆರ್

*

ದುರಾಜ್ನೊ
4 ಜುಲೈ 1993

ಲೀಬೆರ್ ಅವರೇ,

ನೀವು ಹೇಳಿದ ಹಾಗೆ ಹ್ಯಾಂಡಲ್ ಹಾಕಿದೆ. ಎಂಜಿನ್ ಒಂದೇ ಕೈಗೆ ತಿರುಗಿತು. ಬಾವಿಯ ರಾಟೆ ತಿರುಗಿದ ಹಾಗೆ. ಎದುರು ಮನೆಯ ದೋನ್ ಬಾಲ್ದೊನನ್ನು ಕರೆದು ತೋರಿಸಿದೆ. ಆ ಲೇತ್ ಯಂತ್ರದ ಮುದುಕ ಇನ್ನೂ ಗಟ್ಟಿಯಾಗಿದ್ದಾನೆ. ಅವನು ಪ್ಲಗ್ ಬಿಚ್ಚಿ ಬೆರಳು ಹಾಕಿ ಮೂಸಿ, "ಒಳಗೆ ಎಣ್ಣೆ ತಾಜಾ ಇದೆ ಕಣಮ್ಮ, ನಾಲ್ಕೈದು ತಿಂಗಳ ಹಿಂದೆ ಹಾಕಿರೋದು" ಅಂದ.

ಆಗ ನನಗೆ ಅರ್ಥವಾಯಿತು. ಭಾನುವಾರ ಬೆಳಿಗ್ಗೆ ಅನಿಬಾಲ್ ಗರಾಜಿಗೆ ಹೋಗಿ ಅರ್ಧ ಗಂಟೆ ಇರುತ್ತಿದ್ದ. ನಾನು ಅಡುಗೆಮನೆಯಿಂದ ಎಣಿಸುತ್ತಿದ್ದೆ, ಕರ್ರ್ ಎಂದು ಐದು ಸಲ ಶಬ್ದ. "ಆಯ್ತಾ ನಿನ್ನ ಗಿರಿಗಿಟ್ಲೆ ಆಟ?" ಎಂದು ಕೇಳುತ್ತಿದ್ದೆ. ಪ್ರತಿ ವಾರ ಎಣ್ಣೆ ಹನಿಸಿ ಐದು ಸುತ್ತು ತಿರುಗಿಸಿ ಬರುತ್ತಿದ್ದನಂತೆ. ಎಂಜಿನನ್ನು ಪೂರಾ ಜೋಡಿಸಿ, ಕಚ್ಚಿಕೊಳ್ಳದ ಹಾಗೆ ಕಾದಿದ್ದಾನೆ. ಮಿಕ್ಕಿದ್ದಕ್ಕೆ ಕೈ ಹಾಕಿಲ್ಲ. ಸೀಟಿನೊಳಗೆ ಇಲಿ ಮನೆ ಮಾಡಿತ್ತು, ಹಿಂದಿನ ಹಲಗೆಗಳು ಪುಡಿಯಾಗಿದ್ದವು. ಸೀಟು ನಾನೇ ಹೊಲಿಯುತ್ತಿದ್ದೇನೆ. ಟ್ಯಾಂಕನ್ನು ಮಗು ತೂಗಿದ ಹಾಗೆ ಮೂರು ದಿನ ತೂಗಿದೆ, ಭುಜ ನೋಯುತ್ತಿದೆ.

ಈಗ ಒಂದು ಪ್ರಶ್ನೆ. ಕಾರ್ಬ್ಯುರೇಟರ್ ಬಿಡಿಬಿಡಿಯಾಗಿ ಹಣ್ಣಿನ ಹಲ್ವದ ಡಬ್ಬದಲ್ಲಿತ್ತು. ಒಂದೊಂದು ಭಾಗವನ್ನೂ ತುಂಡು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ್ದಾನೆ. ಬಟ್ಟೆ ನೋಡಿದರೆ ನನ್ನ ಮದುವೆಯ ದಿಂಬಿನ ಚೀಲ, ನಾನೇ ಕಸೂತಿ ಹಾಕಿದ್ದು. ಕಳ್ಳ. ಅಗಸನ ಅಂಗಡಿಯಲ್ಲಿ ಕಳೆಯಿತು ಎಂದಿದ್ದ. ಹದಿನಾಲ್ಕು ಗಂಟು. ಹದಿಮೂರರಲ್ಲಿ ಸಾಮಾನಿತ್ತು. ಒಂದರಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಬಟ್ಟೆಗೆ ಯಾರಾದರೂ ಗಂಟು ಹಾಕುತ್ತಾರೆಯೇ?

ದೋನ್ ಬಾಲ್ದೊ ಎಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿ, ಇಲ್ಲದಿರುವುದು ಜೆಟ್ ಅಂದ. ಕಡಲೆಕಾಳಿನಷ್ಟು ದಪ್ಪದ ಹಿತ್ತಾಳೆ ತಿರುಪಂತೆ, ನಡುವೆ ತೂತು, ಪೆಟ್ರೋಲು ಅಳತೆಯಾಗಿ ಅದರೊಳಗಿಂದಲೇ ಹೋಗಬೇಕಂತೆ. ಅದಿಲ್ಲದೆ ಎಂಜಿನ್ ಉಸಿರಾಡುವುದಿಲ್ಲವಂತೆ. ನಿಮಗೇನಾದರೂ ನೆನಪಿದೆಯೇ?

ಎಲಿಡಾ

*

ವೊಲಾಂಗಾಂಗ್
30 ಜುಲೈ 1993

ಎಲಿಡಾ ಅವರೇ,

ಜೆಟ್ ಬಗ್ಗೆ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದ ಮಾತು. ಬೆಂಚಿನ ಕೆಳಗೆ ಉರುಳಿರಬಹುದು. ಗರಾಜಿನ ನೆಲ ಇನ್ನೂ ಮಣ್ಣಿನದೇ ಆಗಿದ್ದರೆ ಜರಡಿ ಹಿಡಿದು ನೋಡಿ.

ಸಿಗದಿದ್ದರೆ ದೋನ್ ಬಾಲ್ದೊ ಇದ್ದಾನಲ್ಲ, ಅವನಿಗೆ ಅದು ಅರ್ಧ ದಿನದ ಕೆಲಸ. ಉದ್ದ ಹನ್ನೊಂದು ಮಿಲಿಮೀಟರ್, ಅಡ್ಡ ಎಂಟು. ತಲೆಯಲ್ಲಿ ಸ್ಕ್ರೂಡ್ರೈವರ್ ಸೀಳು, ಮೂಲದ್ದರಲ್ಲಿ ಅದು ಒಂದು ಕಡೆ ಸ್ವಲ್ಪ ಓರೆ. ತೂತಿನ ಅಳತೆ ಹೇಳಲಾರೆ.

ಅಣ್ಣ ಅವನ ಕೈಯಲ್ಲಿ ಒಂದನ್ನು ಆಗಲೇ ಮಾಡಿಸಿಕೊಂಡಿರಬೇಕು ಎಂದು ತಿಳಿದಿದ್ದೆ. ಸರಿಯಾಗಿ ಹುಡುಕಿ.

ಬ್ರೇಕಿನ ವಿಷಯ ಬರೆದಿಲ್ಲ ನೀವು.

ಲೀಬೆರ್

*

ದುರಾಜ್ನೊ
29 ಆಗಸ್ಟ್ 1993

ಲೀಬೆರ್ ಅವರೇ,

ಬ್ರೇಕ್ ಮುಗಿಯಿತು. ಲೈಟಿನ ವೈರುಗಳೂ ಮುಗಿದವು.

ಹಿಟ್ಟಿನ ಜರಡಿ ತೆಗೆದುಕೊಂಡು ಗರಾಜಿನ ನೆಲವನ್ನು ಗೋಡೆಯಿಂದ ಗೋಡೆಗೆ ಒಂದು ಬೆರಳಿನಷ್ಟು ಆಳ ಕೆರೆದು ಜಾಲಿಸಿದೆ. ಒಂಬತ್ತು ದಿನ ಹಿಡಿಯಿತು. ಸಿಕ್ಕಿದ್ದು: ಮೊಳೆ ಒಂದು ಲೋಟದಷ್ಟು, ಗೋಲಿ ಎರಡು, ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಂಡ ಮಕ್ಕಳಿಗೆ ಕೊಡುವ ಪದಕ ಒಂದು. ಹಿಂದೆ ನಿಮ್ಮ ಹೆಸರಿದೆ, ಎತ್ತಿಟ್ಟಿದ್ದೇನೆ. ಜೆಟ್ ಇಲ್ಲ. ಮೊಣಕಾಲು ಊದಿಕೊಂಡವು. ಹತ್ತನೆಯ ದಿನ ಮಳೆ ಬಂತು, ಹಿಟ್ಟು ಲಟ್ಟಿಸಿ ತೊರ್ತಾ ಫ್ರಿತಾ ಕರಿದು ಒಂದು ತಟ್ಟೆ ದೋನ್ ಬಾಲ್ದೊನಿಗೆ ಕೊಟ್ಟು, ಜೆಟ್ ಮಾಡಿಕೊಡು ಎಂದು ಕೇಳಿದೆ.

"ಇಷ್ಟಕ್ಕೇನಾ ನೀನು ಇಲಿ ಥರ ನೆಲ ಕೆರೆದಿದ್ದು? ಹೋಗು, ಪಾತ್ರೆ ತೊಳೆದು ಬಾ, ಅಷ್ಟೊತ್ತಿಗೆ ರೆಡಿ" ಅಂದ.

"ಹಾಗಾದ್ರೆ ಅನಿಬಾಲ್ ಯಾಕೆ ಕೇಳ್ಲಿಲ್ಲ ನಿನ್ನ? ಶನಿವಾರ ಶನಿವಾರ ಇಲ್ಲೇ ಕೂತು ಮಾಟೆ ಚಹಾ ಹೀರ್ತಿದ್ನಲ್ಲ."

ಅವನು ಲೇತಿನ ಕಡೆ ತಿರುಗಿಕೊಂಡೇ ಹೇಳಿದ: "ಮಾಡ್ಕೊಡ್ಲಾ ಅಂತ ನಾನೇ ಕೇಳಿದ್ದೆ. ಎಪ್ಪತ್ತೊಂಬತ್ತರಲ್ಲಿ. ಲೇತಿಗೆ ಹಿತ್ತಾಳೆ ತುಂಡು ಕಚ್ಚಿಸಿಯೂ ಆಗಿತ್ತು. 'ಬೇಡ ಬಾಲ್ದೊ, ತೆಗಿ. ಅದರದ್ದು ಇದೆ. ಬರುತ್ತೆ' ಅಂದ. ಆಮೇಲೆ ಅವನೂ ಎತ್ಲಿಲ್ಲ, ನಾನೂ ಎತ್ಲಿಲ್ಲ."

ಬರುತ್ತೆ ಎಂದರೆ ಎಲ್ಲಿಂದ? ಬ್ಯೂನಸ್ ಐರಿಸಿನ ಯಾವುದಾದರೂ ಅಂಗಡಿಗೆ ಬರೆದಿದ್ದನೇ? ಅವನ ಕಾಗದಗಳಲ್ಲಿ ಅಂಥದ್ದೇನೂ ಇಲ್ಲ. ನಿಮಗೆ ಏನಾದರೂ ಅಂದಾಜಿದೆಯೇ?

ಜೆಟ್ ಸಂಜೆಗೆ ಸಿದ್ಧವಾಯಿತು. ನಿಮ್ಮ ಅಳತೆ ಸರಿಯಾಗಿ ಕೂತಿದೆ. ದೋನ್ ಬಾಲ್ದೊ ನಿಮ್ಮ ಪತ್ರವನ್ನು ಎರಡು ಸಲ ಓದಿಸಿದ. "ಸೀಳು ಓರೆ ಅಂತಾನಾ? ಅಬ್ಬಾ, ನಂಗೆ ನಿನ್ನೆ ತಿಂದಿದ್ದು ನೆನಪಿರಲ್ಲ" ಎಂದು ಕನ್ನಡಕ ಒರೆಸಿಕೊಂಡ.

ಎಲಿಡಾ

*

ದುರಾಜ್ನೊ
21 ನವೆಂಬರ್ 1993

ಲೀಬೆರ್ ಅವರೇ,

ನಿಮ್ಮ ಉತ್ತರ ಬರಲಿಲ್ಲ. ಅಂಚೆಯಲ್ಲಿ ಕಳೆದಿರಬಹುದು. ಕೆಲಸದ ಸುದ್ದಿ ತಿಳಿಸುತ್ತೇನೆ.

ಹೋದ ಭಾನುವಾರ ಎಂಜಿನ್ ಹೊತ್ತಿತು. ಮೊದಲು ಕೆಮ್ಮಿತು, ಆಮೇಲೆ ಆರೂ ಸಿಲಿಂಡರ್ ಒಟ್ಟಿಗೆ ಹಿಡಿದವು. ಹೆಂಚು ಅದುರಿದವು. ನಾನು ಅಳಲಿಲ್ಲ. ದೋನ್ ಬಾಲ್ದೊ ಕಣ್ಣಿಗೆ ಹೊಗೆ ಹೋಯಿತು ಅಂದ. ಹೊಗೆ ಏನೋ ನಿಜ, ಕಡುಕಪ್ಪು, ಪಕ್ಕದ ಮನೆಯವಳು ಒಣಗಹಾಕಿದ್ದ ಹೊದಿಕೆಗಳೆಲ್ಲ ಮಸಿಯಾದವು. "ಎಲಿಡಾ, ಗಂಡನ ದುಃಖ ಇದ್ರೆ ಕಪ್ಪು ನೀನು ಉಟ್ಕೋ, ನನ್ನ ಹಾಸಿಗೆಗೆ ಯಾಕೆ ಉಡಿಸ್ತೀಯಾ?" ಎಂದು ಬೇಲಿಯಿಂದ ಕೂಗಿದಳು. ಎಲ್ಲಾ ನಾನೇ ಒಗೆದು ಕೊಟ್ಟೆ.

ಹೊಗೆಗೆ ಕಾರಣ ಜೆಟ್ಟಿನ ತೂತಂತೆ. ಕೂದಲೆಳೆಯಷ್ಟು ದೊಡ್ಡದಾಗಿದೆ, ಪೆಟ್ರೋಲು ಹೆಚ್ಚು ನುಗ್ಗುತ್ತದೆ. ದೋನ್ ಬಾಲ್ದೊ ಇನ್ನೆರಡು ಮಾಡಿದ. ಒಂದರಲ್ಲಿ ಹೊಗೆ, ಇನ್ನೊಂದರಲ್ಲಿ ಎಂಜಿನ್ ಸಾಯುತ್ತದೆ. ಹೊಗೆಯದನ್ನೇ ಇಟ್ಟುಕೊಂಡಿದ್ದೇವೆ. ಚರ್ಚು ಎಂಟೇ ಬೀದಿ ದೂರ.

ಬಾಗಿಲ ಬಣ್ಣ ಉಜ್ಜುವಾಗ ಕೆಳಗೆ ಅಕ್ಷರ ಕಂಡವು. "ಒಲಾಸಾ ಮತ್ತು ಮಕ್ಕಳು, ಸೋಡಾ." ಉಜ್ಜುವುದನ್ನು ಅಲ್ಲಿಗೆ ನಿಲ್ಲಿಸಿ, ಅವುಗಳ ಮೇಲೆಯೇ ಸಣ್ಣ ಬ್ರಷ್ಷಿನಿಂದ ಬಿಳಿ ಬಣ್ಣ ತುಂಬಿದೆ.

ಆರೋಗ್ಯವಾಗಿದ್ದೀರಿ ಎಂದುಕೊಳ್ಳುತ್ತೇನೆ.

ಎಲಿಡಾ

*

ದುರಾಜ್ನೊ
9 ಜನವರಿ 1994

ಲೀಬೆರ್ ಅವರೇ,

ಇವತ್ತಿಗೆ ಹತ್ತು ತಿಂಗಳು.

ನಿಮ್ಮ ಜುಲೈ ಪತ್ರವನ್ನು ಮತ್ತೆ ಓದಿದೆ. ಬೇರೆ ಯಾವ ಭಾಗದ ಅಳತೆಯೂ ನಿಮಗೆ ನೆನಪಿಲ್ಲ, ಇದೊಂದು ಮಾತ್ರ ಮಿಲಿಮೀಟರಿನವರೆಗೆ ನೆನಪಿದೆ. ದೋನ್ ಬಾಲ್ದೊ ಒಂದು ಮಾತು ಹೇಳಿದ: "ಅವನು ಅದನ್ನ ಮುಂದಿಟ್ಕೊಂಡು ಬರೆದಿದಾನೆ ಕಣಮ್ಮ." ನಾನು ಅವನಿಗೆ ಬೈದೆ. ಮಣ್ಣು ಜಾಲಿಸಿ ಎಂದು ಬರೆದವರು ಹಾಗೆ ಮಾಡಲಾರರು ಎಂದೆ.

ಕೇಳಿಯೇ ಬಿಡುತ್ತೇನೆ. ಜೆಟ್ ನಿಮ್ಮ ಹತ್ತಿರ ಇದೆಯೇ?

ಎಲಿಡಾ

*

ವೊಲಾಂಗಾಂಗ್
6 ಫೆಬ್ರುವರಿ 1994

ಎಲಿಡಾ,

ಇದೆ. ಈ ಪತ್ರದ ಜೊತೆಗಿದೆ, ರಟ್ಟಿಗೆ ಅಂಟಿಸಿದ್ದೇನೆ.

ನಾನು ಹೊರಟಿದ್ದು 1973ರ ನವೆಂಬರ್ ಹದಿನೇಳಕ್ಕೆ. ಸೈನ್ಯ ಅಧಿಕಾರ ಹಿಡಿದ ಆ ವರ್ಷ ದೇಶ ಬಿಟ್ಟವನು ನಾನೊಬ್ಬನೇ ಅಲ್ಲ. ಗಾಡಿ ಮುಗಿಸಿ, ಒಂದು ಸಲ ಇಬ್ಬರೂ ನದಿಯವರೆಗೆ ಹೋಗಿ ಬಂದು, ಆಮೇಲೆ ಅಣ್ಣನಿಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಸೀಟಿನ ಕೆಳಗಿಟ್ಟಿದ್ದ ಟಿಕೆಟ್ಟು ಅವನ ಕೈಗೆ ಸಿಕ್ಕಿತು. ಅವನು ಕೂಗಾಡಲಿಲ್ಲ. "ಹೋಗೋನಿಗೆ ಗಾಡಿ ಯಾಕೋ? ಸ್ಪ್ಯಾನರ್ ಕೆಳಗಿಡು" ಅಂದ. ಮೂರು ದಿನ ಮಾತಿಲ್ಲ. ಹೊರಡುವ ಬೆಳಿಗ್ಗೆ ಅವನು ಬ್ರೆಡ್ ತರಲು ಹೋಗಿದ್ದಾಗ, ಬೆಂಚಿನ ಮೇಲಿದ್ದ ಕಾರ್ಬ್ಯುರೇಟರಿನಿಂದ ಜೆಟ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನಾನಿಲ್ಲದೆ ಹೊರಡಿಸು ನೋಡೋಣ ಎಂಬ ಸಿಟ್ಟು. ಅವಸರದಲ್ಲಿ ಸ್ಕ್ರೂಡ್ರೈವರ್ ಜಾರಿತು, ಸೀಳು ಓರೆಯಾದದ್ದು ಆಗ.

ಬಸ್ಸು ಊರು ದಾಟುವಷ್ಟರಲ್ಲಿ ನನಗೇ ನಗು ಬಂತು. ಎದುರು ಮನೆಯಲ್ಲೇ ಲೇತ್ ಇದೆ, ಊಟದ ಹೊತ್ತಿಗೆ ಹೊಸ ಜೆಟ್ ಆಗಿರುತ್ತದೆ. ನನ್ನ ಸಿಟ್ಟಿಗೆ ಅರ್ಧ ದಿನದ ಆಯುಸ್ಸು ಎಂದುಕೊಂಡೆ. ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ಭಾನುವಾರ ಬಂದರೆ, ಈಗ ಅವನು ಗಾಡಿ ತೆಗೆದುಕೊಂಡು ನದಿಗೆ ಹೋಗಿರುತ್ತಾನೆ, ನಾನಿಲ್ಲ ಅಂತ ಅವನಿಗೇನೂ ನಿಂತಿಲ್ಲ ಅಂತ. ಅದಕ್ಕೇ ಬರೆಯಲಿಲ್ಲ. ಅವನೂ ಬರೆಯಲಿಲ್ಲ.

ನೀವು ಐದು ಸುತ್ತಿನ ವಿಷಯ ಬರೆದಾಗಲೇ ನಿಜ ಹೇಳಬೇಕಿತ್ತು. ಆದರೂ ಸುಳ್ಳು ಬರೆದೆ. ನಿಮ್ಮನ್ನು ನೆಲ ಜಾಲಿಸುವ ಹಾಗೆ ಮಾಡಿದೆ. ಆಮೇಲೆ "ಅದರದ್ದು ಇದೆ, ಬರುತ್ತೆ" ಎಂದು ಅವನು ಅಂದದ್ದನ್ನು ಓದಿದ ಮೇಲೆ ಪೆನ್ನು ಹಿಡಿಯಲಾಗಲಿಲ್ಲ.

ಉಕ್ಕಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಈ ಊರಲ್ಲಿ ಒಂದೇ ಒಂದು ಗಾಡಿಯ ಬಾನೆಟ್ ಎತ್ತಿಲ್ಲ.

ಪೂಜೆಗೆ ಮೊದಲು ತಲುಪಿದರೆ ಇದನ್ನು ಹಾಕಿಸಿ. ಹೊಗೆ ನಿಲ್ಲುತ್ತದೆ. ಅಲ್ಲಿಗೆ ಗಾಡಿ ಪೂರ್ತಿಯಾಗುತ್ತದೆ.

ಲೀಬೆರ್

*

ದುರಾಜ್ನೊ
10 ಮಾರ್ಚ್ 1994

ಲೀಬೆರ್,

ಜೆಟ್ ಮಾರ್ಚ್ ಮೂರಕ್ಕೆ ತಲುಪಿತು. ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಮಣ್ಣು ಜಾಲಿಸಿದ್ದಕ್ಕಲ್ಲ. ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲ ಎಂದು. ಮೂರನೆಯ ದಿನ ನನ್ನ ಬಾಯಿ ನೆನಪಾಯಿತು.

ಮೊದಲ ಪತ್ರದಲ್ಲಿ ನಾನೂ ಒಂದು ವಿಷಯ ಬಿಟ್ಟಿದ್ದೆ. ನನ್ನ ದಿನಚರಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಹೇಳಿಲ್ಲ. ಅನಿಬಾಲ್ ತೀರಿಕೊಂಡದ್ದು ಗರಾಜಿನಲ್ಲಿ, ಆ ಗಾಡಿಯ ಹರಿದ ಸೀಟಿನ ಮೇಲೆ. ಅಂದು ಊಟ ಮಾಡುವಾಗ, "ಸಾಕು ಈ ನಾಟಕ, ನಾಳೆ ಗುಜರಿಯವನನ್ನ ಕರೆಸ್ತೀನಿ, ತೂಕಕ್ಕೆ ಹಾಕ್ತೀನಿ" ಎಂದಿದ್ದೆ. ಅವನು ತಟ್ಟೆ ಎತ್ತಿಟ್ಟು, ಬಿಸಿನೀರಿನ ಫ್ಲಾಸ್ಕು ಮತ್ತು ಮಾಟೆ ಕುಡಿಯುವ ಸೋರೆಬುರುಡೆ ಹಿಡಿದುಕೊಂಡು ಗರಾಜಿಗೆ ಹೋದ. ಐದು ಗಂಟೆಗೆ ಕರೆಯಲು ಹೋದೆ. ಫ್ಲಾಸ್ಕು ತುಂಬಿಯೇ ಇತ್ತು. ಸೋಮಾರಿ ಅಂದಿದ್ದೆ ಅವನನ್ನು, ಕೈಲಾಗದವನು ಅಂದಿದ್ದೆ. ಯಾಕೆ ನಿಂತಿದೆ ಎಂದು ಒಂದು ಸಲವೂ ಸರಿಯಾಗಿ ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ ಗಾಡಿ ತೊಳೆದು ನಿಲ್ಲಿಸಿದೆ. ಹಸಿರು ಬಣ್ಣ, ಹೊಸ ಹಲಗೆ, ಹೊಸ ಸೀಟು. ದೋನ್ ಬಾಲ್ದೊ ಕೋಟು ಹಾಕಿಕೊಂಡು ಬಂದು, ಕೋಟಿನಲ್ಲೇ ಕಾರ್ಬ್ಯುರೇಟರ್ ಬಿಚ್ಚಿ ತನ್ನ ಜೆಟ್ ತೆಗೆದ.

"ತಗೋ, ನನ್ನ ಮಾಲು ವಾಪಸ್. ನಾಲ್ಕು ತಿಂಗಳು ಹೊಗೆ ಹೊಗೆ ಅಂತ ಜೀವ ತಿಂದೆಯಲ್ಲ. ಎಲ್ಲಿ, ಆ ಕಾಂಗರೂ ದೇಶದ್ದು ಕೊಡು" ಅಂದ.

ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ.

"ಕೊಡಮ್ಮ. ಗಂಟೆ ಹೊಡೀತಾರೆ ಇನ್ನೇನು."

"ಇಲ್ಲ, ದೋನ್ ಬಾಲ್ದೊ. ಮುಚ್ಚಿಬಿಡು."

"ಏನು ಮುಚ್ಚೋದು? ಇಡೀ ವರ್ಷ ಮೈ ಕೈ ಮಸಿ ಮಾಡ್ಕೊಂಡು, ಊರಿಗೆಲ್ಲ ಹೇಳ್ಕೊಂಡು ಬಂದು, ಇವತ್ತು ಮುಚ್ಚು ಅಂತೀಯಾ?"

"ಜೆಟ್ ಬೇಕಾಗಿದ್ರೆ ಅವನು ರಸ್ತೆ ದಾಟಿ ನಿನ್ನ ಹತ್ರ ಬರ್ತಿದ್ದ."

ಅವನು ನನ್ನ ಮುಖ ನೋಡಿದ. ಸ್ಕ್ರೂಡ್ರೈವರನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕಾರ್ಬ್ಯುರೇಟರಿನ ಮುಚ್ಚಳ ಕೂರಿಸಿ, ಬಾನೆಟ್ ಇಳಿಸಿದ. ಆಮೇಲೆ ತೋಳು ಕೊಟ್ಟ. ಎಂಟು ಬೀದಿ ನಡೆದುಕೊಂಡೇ ಹೋದೆವು. ಚರ್ಚಿನ ಮೆಟ್ಟಿಲಲ್ಲಿ ಪಕ್ಕದ ಮನೆಯವಳು "ಗಾಡಿ ಎಲ್ಲೇ?" ಎಂದಳು. "ಹೊರಡಲಿಲ್ಲ" ಎಂದೆ. ಹದಿನೆಂಟು ವರ್ಷ ಹೇಳಿದ್ದ ಮಾತೇ. ಈ ಸಲ ಹೇಳುವಾಗ ಅವನ ಮೇಲೆ ಸಿಟ್ಟಿರಲಿಲ್ಲ.

ಜೆಟ್ಟನ್ನು ಆ ಖಾಲಿ ಬಟ್ಟೆಯಲ್ಲಿ ಕಟ್ಟಿ ವಾಪಸ್ ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಬರಬೇಕಾದದ್ದಲ್ಲ ಇದು. ನೀನೇ ತಂದು ಹಾಕು. ನಿನ್ನ ಪದಕವೂ ಇಲ್ಲೇ ಇದೆ.

ಎಲಿಡಾ

*

ವೊಲಾಂಗಾಂಗ್
3 ಏಪ್ರಿಲ್ 1994

ಅತ್ತಿಗೆ,

ಬಟ್ಟೆಯ ಕಸೂತಿ ಚೆನ್ನಾಗಿದೆ. ಗಂಟು ಅಣ್ಣನ ಹಾಗೆಯೇ ಹಾಕಿದ್ದೀರಿ, ಬಿಚ್ಚಲು ಹಲ್ಲು ಬೇಕಾಯಿತು. ನೋಡಿ ಮತ್ತೆ ಕಟ್ಟಿಟ್ಟಿದ್ದೇನೆ.

ಜೂನ್ ಹನ್ನೊಂದು, ಶನಿವಾರ, ಮಧ್ಯಾಹ್ನದ ಬಸ್ಸು. ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ಮನೆ ಗೊತ್ತು.

ಬ್ಯಾಟರಿ ಬಿಚ್ಚಿಡಿ. ಹಳೆ ಪೆಟ್ರೋಲು ಪೂರಾ ಇಳಿಸಿಬಿಡಿ, ಹೊಸದು ನಾನು ತರುತ್ತೇನೆ. ಸ್ಕ್ರೂಡ್ರೈವರ್ ದೋನ್ ಬಾಲ್ದೊನದೇ ಇರಲಿ, ಅಗಲ ಬಾಯಿಯದು. ಈ ಸಲ ಜಾರಬಾರದು.

ಎಂಜಿನ್ ಇನ್ನು ಹತ್ತು ವಾರ ನಿಂತಿರುತ್ತದೆ. ನಾನು ಬರುವವರೆಗೆ ಪ್ರತಿ ಭಾನುವಾರ ಪ್ಲಗ್ ಬಿಚ್ಚಿ ಎರಡೆರಡು ಹನಿ ಎಣ್ಣೆ ಹಾಕಿ, ಐದು ಸುತ್ತು ತಿರುಗಿಸಿ.

ಲೀಬೆರ್